ಮೂಲೆಯ ಕುರ್ಚಿಯಲ್ಲಿ ಕೂತವಳು

ಪ್ರೀತಿಯ ತಂಗಿಗೆ,

ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಿಂದ ನೀನು ಕಳಿಸಿದ ಕಾದಂಬರಿಯ ಕರಡು ಓದಿ ಮುಗಿಸಿದೆ. ಊರು, ಬಿಸಿಲು, ನದಿ ದಂಡೆ ಎಲ್ಲ ಕಣ್ಣಿಗೆ ಕಟ್ಟುವ ಹಾಗಿದೆ. ಆದರೆ ನಿನ್ನ ನಾಯಕಿ ನನಗೆ ಸಿಗಲಿಲ್ಲ. ಡಿಸ್ಟ್ರಿಕ್ಟ್ ಅಟಾರ್ನಿ (ಡಿಎ, ಅಂದರೆ ಅಲ್ಲಿನ ಜಿಲ್ಲೆಯ ಮುಖ್ಯ ಸರ್ಕಾರಿ ವಕೀಲರು) ಕಚೇರಿಯ ಸೂಪರ್‌ವೈಸಿಂಗ್ ಇನ್ವೆಸ್ಟಿಗೇಟರ್, ಅಂದರೆ ತನಿಖಾಧಿಕಾರಿಗಳ ಮೇಲ್ವಿಚಾರಕಿ ಅಂತ ಬರೆದಿದ್ದೀಯ. ಅವಳ ಕೈಲಿ ಮಾಡಿಸಿರುವುದು ಮಾತ್ರ ಪೊಲೀಸ್ ಠಾಣೆಯ ಕೆಲಸ. ಬಾಗಿಲು ಒದೆಯುತ್ತಾಳೆ, ಓಡುತ್ತಾಳೆ, ಹಿಡಿಯುತ್ತಾಳೆ. ಕಚೇರಿಯ ಹೆಸರು ತೆಗೆದು ಬೇರೆ ಯಾವುದೋ ಠಾಣೆಯ ಹೆಸರು ಹಾಕಿದರೂ ಕಥೆ ಹಾಗೇ ನಡೆಯುತ್ತದೆ. ನನ್ನ ತಕರಾರು ಅದೇ.

ನೀನು ಬೆಳೆದದ್ದು ಇಲ್ಲಿ, ಭಾರತದಲ್ಲಿ. ಇಲ್ಲಿ ತನಿಖೆ ಪೊಲೀಸರದ್ದು, ವಾದ ಸರ್ಕಾರಿ ವಕೀಲರದ್ದು. ಚಾರ್ಜ್‌ಶೀಟ್ ಹಾಕಬೇಕೋ ಬೇಡವೋ ಅನ್ನುವುದು ತನಿಖಾಧಿಕಾರಿಯ ತೀರ್ಮಾನ, ಅದಕ್ಕೆ ಸರ್ಕಾರಿ ವಕೀಲರ ಅಭಿಪ್ರಾಯ ಪಡೆಯಲೇಬೇಕು ಅಂತ ಕೋರ್ಟ್ ಹೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿತು. ಪೊಲೀಸರಿಗೂ ಸರ್ಕಾರಿ ವಕೀಲರಿಗೂ ನಡುವಿನ ಈ ಗೋಡೆಯ ಬೆಲೆ ಏನು ಅಂತ ನಾನು ಪತ್ರಿಕೆಗೆ ಕೋರ್ಟ್ ವರದಿ ಬರೆಯುತ್ತಿದ್ದಾಗ ನೋಡಿದ್ದೇನೆ. ಒಂದು ಕೊಲೆ ಕೇಸಿನಲ್ಲಿ ಮುಖ್ಯ ಸಾಕ್ಷಿ ಕಟಕಟೆ ಹತ್ತಿ ಉಲ್ಟಾ ಹೊಡೆದ. ‘ನಾನೇನೂ ನೋಡಿಲ್ಲ ಸ್ವಾಮಿ, ಪೊಲೀಸರು ಸುಮ್ನೆ ಬರೆದುಕೊಂಡರು’ ಅಂದ. ಮಹಜರಿಗೆ ಸಹಿ ಹಾಕಿದ ಪಂಚರೂ ಅದನ್ನೇ ಅಂದರು. ಸರ್ಕಾರಿ ವಕೀಲರು ಆ ಸಾಕ್ಷಿಯ ಮುಖ ನೋಡಿದ್ದೇ ಅವತ್ತು ಬೆಳಗ್ಗೆ. ತನಿಖಾಧಿಕಾರಿ ವರ್ಗವಾಗಿ ಎರಡು ವರ್ಷ ಕಳೆದಿತ್ತು. ತೀರಿಕೊಂಡವನ ತಾಯಿ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಏನಾಯಿತು ಅಂತ ಅವರಿಗೆ ಹೇಳುವವರು ಯಾರೂ ಇರಲಿಲ್ಲ.

ಪೊಲೀಸರ ಕಡತಕ್ಕೂ ಕೋರ್ಟಿನ ಕಟಕಟೆಗೂ ನಡುವೆ ಇರುವ ಈ ಜಾಗ ಇದೆಯಲ್ಲ, ನಿನ್ನ ನಾಯಕಿ ಕೆಲಸ ಮಾಡುವುದು ಅಲ್ಲಿ. ಕ್ಯಾಲಿಫೋರ್ನಿಯಾದ 58 ಕೌಂಟಿಗಳಲ್ಲೂ (ಅಂದರೆ ಜಿಲ್ಲೆಗಳಲ್ಲೂ) ಜನರೇ ವೋಟು ಹಾಕಿ ಆರಿಸಿದ ಡಿಸ್ಟ್ರಿಕ್ಟ್ ಅಟಾರ್ನಿ ಇರುತ್ತಾರೆ. ಅವರ ಕಚೇರಿಯ ಇನ್ವೆಸ್ಟಿಗೇಟರ್‌ಗಳಿಗೆ ಬಂದೂಕು, ಬಂಧಿಸುವ ಅಧಿಕಾರ ಎಲ್ಲವೂ ಉಂಟು. ತುಂಬಾ ಜನ ಪೊಲೀಸ್ ಇಲಾಖೆಯಲ್ಲೋ ಶೆರಿಫ್ ಕಚೇರಿಯಲ್ಲೋ ವರ್ಷಗಟ್ಟಲೆ ದುಡಿದು ಬಂದವರು. ಬಹಳಷ್ಟು ಕೇಸುಗಳಲ್ಲಿ ಪೊಲೀಸರು ‘ಮುಗಿಯಿತು’ ಅಂತ ಕಡತ ಕಟ್ಟಿ ಕಳಿಸಿದ ಮೇಲೆ ಇವರ ಕೆಲಸ ಶುರುವಾಗುತ್ತದೆ. ಊರು ಬಿಟ್ಟ ಸಾಕ್ಷಿಯನ್ನು ಹುಡುಕಬೇಕು, ಸಮನ್ಸ್ ಮುಟ್ಟಿಸಬೇಕು, ಹೆದರಿದವರನ್ನು ಬೇರೆ ಕಡೆ ಇರಿಸಬೇಕು.

ನಿನ್ನ ಏಳನೇ ಅಧ್ಯಾಯಕ್ಕೆ ಬರುತ್ತೇನೆ. ವಕೀಲ ಒಬ್ಬನೇ ಸಾಕ್ಷಿಯ ಮನೆಗೆ ಹೋಗಿ ಮಾತಾಡಿಸುತ್ತಾನೆ. ಇದು ತಪ್ಪು. ತಪ್ಪು ಅನ್ನುವುದಕ್ಕಿಂತ, ಒಳ್ಳೇ ದೃಶ್ಯವೊಂದನ್ನು ಕೈಯಾರೆ ಬಿಟ್ಟಿದ್ದೀಯ. ನಾಳೆ ಆ ಸಾಕ್ಷಿ ಕೋರ್ಟಿನಲ್ಲಿ ಮಾತು ಬದಲಿಸಿದರೆ ‘ಇಲ್ಲ, ನನ್ನೆದುರು ಹೀಗೆ ಹೇಳಿದ್ದರು’ ಅಂತ ಹೇಳೋರು ಯಾರು? ವಾದ ಮಾಡುವ ವಕೀಲನೇ ಕಟಕಟೆ ಹತ್ತಿ ಸಾಕ್ಷಿ ಹೇಳುವ ಹಾಗಿಲ್ಲ, ಸಾಮಾನ್ಯವಾಗಿ. ಅದಕ್ಕೇ ಅವರು ಸಾಕ್ಷಿಯನ್ನು ಮಾತಾಡಿಸುವಾಗ ಪಕ್ಕದಲ್ಲಿ ಒಬ್ಬ ಇನ್ವೆಸ್ಟಿಗೇಟರ್‌ನನ್ನು ಕೂರಿಸಿಕೊಳ್ಳುತ್ತಾರೆ. ಮೂಲೆಯ ಕುರ್ಚಿಯಲ್ಲಿ ಕೂತು ಕೇಳುವುದು, ಬರೆದುಕೊಳ್ಳುವುದು, ಬೇಕಾದರೆ ನಾಳೆ ಪ್ರಮಾಣ ಮಾಡಿ ಹೇಳುವುದು. ಆ ಕುರ್ಚಿಯಿಂದ ನಿನ್ನ ಅಧ್ಯಾಯ ಬರೆ.

ಆ ಕುರ್ಚಿಯಲ್ಲಿ ಕೂತ ಕಿರಿಯ ಹುಡುಗ ಸಂಜೆ ನಾಯಕಿಯ ಮೇಜಿನ ಮುಂದೆ ಬಂದು ನಿಲ್ಲಲಿ. ‘ಮೇಡಂ, ಕಾರಿನ ಬಣ್ಣ ಕೆಂಪು ಅಂತ ಪೊಲೀಸರ ವರದಿಯಲ್ಲಿದೆ. ಇವತ್ತು ಆಯಮ್ಮ ಬೂದು ಅಂದರು. ಬರೆಯಬೇಕಾ?’ ಅಂತ ಕೇಳಲಿ. ಬರೆಯಲಿ ಬಿಡಲಿ, ಆರೋಪಿಯ ವಕೀಲನಿಗೆ ತಿಳಿಸಲೇಬೇಕು. ತಿಳಿಸಿದರೆ ಎರಡು ವರ್ಷದ ಕೇಸು ಕೈಬಿಟ್ಟು ಹೋಗಬಹುದು. ನಿನ್ನ ಕಾದಂಬರಿಯ ಎದೆ ಇಲ್ಲಿದೆ ತಂಗಿ.

ಈ ವಿಷಯದಲ್ಲಿ ಅಲ್ಲಿನ ಕಾನೂನು ಗಟ್ಟಿಯಾಗಿದೆ. 1963ರಲ್ಲಿ ಬ್ರೇಡಿ ಅನ್ನುವವನ ಕೇಸು ಅಮೆರಿಕದ ಸುಪ್ರೀಂ ಕೋರ್ಟಿಗೆ ಬಂತು. ಕೊಲೆಯಲ್ಲಿ ತಾನೂ ಭಾಗಿ, ಆದರೆ ಕೊಂದದ್ದು ಜೊತೆಗಾರ ಅಂತ ಅವನು ಹೇಳಿದ್ದ. ಆ ಜೊತೆಗಾರನೇ ‘ಕೊಂದದ್ದು ನಾನು’ ಅಂತ ಕೊಟ್ಟಿದ್ದ ಹೇಳಿಕೆಯನ್ನು ಸರ್ಕಾರಿ ಕಡೆಯವರು ಕೊಟ್ಟಿರಲೇ ಇಲ್ಲ. ಆರೋಪಿಗೆ ಅನುಕೂಲವಾಗುವ ಮುಖ್ಯ ಸಾಕ್ಷ್ಯವನ್ನು ಮುಚ್ಚಿಡುವಂತಿಲ್ಲ ಅಂತ ಕೋರ್ಟ್ ಹೇಳಿತು. 1995ರಲ್ಲಿ ಕೈಲ್ಸ್ ಪ್ರಕರಣದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ‘ಪೊಲೀಸರಿಗೆ ಗೊತ್ತಿತ್ತು, ನನಗೆ ಹೇಳಲಿಲ್ಲ’ ಅಂತ ವಕೀಲರು ಕೈತೊಳೆದುಕೊಳ್ಳುವ ಹಾಗಿಲ್ಲ, ಕೇಳಿ ತಿಳಿದುಕೊಳ್ಳುವುದೂ ಅವರದೇ ಹೊಣೆ. ವಕೀಲರ ಪರವಾಗಿ ಹೋಗಿ ಕೇಳುವವರು ಯಾರು? ನಿನ್ನ ನಾಯಕಿಯ ಹುಡುಗರು.

ಹಾಗಾಗಿ ಮೇಲ್ವಿಚಾರಕಿ ಅಂದರೆ ಜಾಸ್ತಿ ಹೊತ್ತು ಓದುವವಳು. ಯಾವ ಕೇಸು ಯಾರಿಗೆ ಅಂತ ಹಂಚುತ್ತಾಳೆ. ಬಂದ ವರದಿಯನ್ನು ಎದುರು ಪಕ್ಷದ ವಕೀಲನ ಕಣ್ಣಿನಿಂದ ಓದುತ್ತಾಳೆ. ಸಮಯ ಹೊಂದುತ್ತಿಲ್ಲ, ಈ ಮನೆಗೆ ಮತ್ತೆ ಹೋಗಿ ಬಾ, ಈ ವಾರಂಟ್ ಅರ್ಜಿಯಲ್ಲಿ ಕಾರಣ ಸಾಲದು ಅಂತ ವಾಪಸ್ ಕಳಿಸುತ್ತಾಳೆ. ತನ್ನದೇ ಹಳೇ ಇಲಾಖೆಯ ಗೆಳೆಯರ ತಪ್ಪನ್ನು ಎತ್ತಿ ತೋರಿಸಬೇಕಾಗುತ್ತದೆ. ಆ ನೋವು ನಿನ್ನ ಕರಡಿನಲ್ಲಿ ಒಂದು ಸಾಲೂ ಇಲ್ಲ.

ಓಟ ಬೇಕೇ ಬೇಕು ಅಂದರೆ ನಿನ್ನ ಊರಿನ ಪಕ್ಕದಲ್ಲೇ ನಡೆದದ್ದನ್ನು ನೋಡು. ಗೋಲ್ಡನ್ ಸ್ಟೇಟ್ ಕಿಲ್ಲರ್ ಅಂತ ಹೆಸರಾದ, ದಶಕಗಳ ಕಾಲ ಸಿಗದಿದ್ದ ಸರಣಿ ಕೊಲೆಗಾರನ ಪ್ರಕರಣ. ಕಾಂಟ್ರಾ ಕೋಸ್ಟಾ ಕೌಂಟಿಯ ಡಿಎ ಕಚೇರಿಯ ಇನ್ವೆಸ್ಟಿಗೇಟರ್ ಪಾಲ್ ಹೋಲ್ಸ್ ವರ್ಷಗಳ ಕಾಲ ಅದರ ಹಿಂದೆ ಬಿದ್ದಿದ್ದರು. 2018ರಲ್ಲಿ, ನಿವೃತ್ತಿಯ ಹೊಸ್ತಿಲಲ್ಲಿ, ಸಿಟ್ರಸ್ ಹೈಟ್ಸ್‌ನಲ್ಲಿ ಶಂಕಿತ ಜೋಸೆಫ್ ಡಿಏಂಜೆಲೊನ ಮನೆ ಮುಂದೆ ಕಾರು ನಿಲ್ಲಿಸಿ ಕೂತರು. ಹೋಗಿ ಬಾಗಿಲು ತಟ್ಟಲಾ ಅಂತ ಯೋಚಿಸಿದರು. ತಟ್ಟದೆ ಹೊರಟರು. ಆಮೇಲೆ ತನಿಖಾ ತಂಡದವರು ಅವನ ಕಾರಿನ ಬಾಗಿಲ ಹಿಡಿಕೆಯಿಂದ, ಕಸದಿಂದ ಡಿಎನ್‌ಎ ತೆಗೆದು, ತಾಳೆಯಾದ ಮೇಲೆ ಏಪ್ರಿಲ್ 24ರಂದು ಅವನನ್ನು ಬಂಧಿಸಿದರು. 2020ರಲ್ಲಿ ಅವನು 13 ಕೊಲೆಗಳನ್ನು ಒಪ್ಪಿಕೊಂಡ. ನಿನ್ನ ನಾಯಕಿ ಒದ್ದ ಬಾಗಿಲುಗಳೆಲ್ಲಕ್ಕಿಂತ ಆ ತಟ್ಟದ ಬಾಗಿಲು ನನ್ನನ್ನು ಜಾಸ್ತಿ ಕಾಡಿದೆ.

ಇನ್ನೊಂದು ವಿಷಯ, ಇದು ನಮ್ಮವರಿಗೆ ಹತ್ತಿರದ್ದು. ಕೋರ್ಟಿನ ಆದೇಶ ಮೀರಿ ತಂದೆಯೋ ತಾಯಿಯೋ ಮಗುವನ್ನು ಎತ್ತಿಕೊಂಡು ಹೋದರೆ, ಕ್ಯಾಲಿಫೋರ್ನಿಯಾದಲ್ಲಿ ಹುಡುಕುವ ಹೊಣೆ ಡಿಎ ಕಚೇರಿಯದು. ಮಗು ಭಾರತಕ್ಕೆ ಬಂದಿದ್ದರೆ ಕಷ್ಟ. ಹೀಗೆ ದೇಶ ದಾಟಿಸಿದ ಮಕ್ಕಳನ್ನು ವಾಪಸ್ ಕಳಿಸುವ 1980ರ ಹೇಗ್ ಒಪ್ಪಂದಕ್ಕೆ ನಾವು ಸೇರಿಲ್ಲ. ನಿನ್ನ ಉಪಕಥೆಯ ಬ್ಯಾಂಕ್ ದರೋಡೆ ತೆಗೆದು ಇದನ್ನು ತರಬಹುದು ಅಲ್ವಾ? ಬೆಂಗಳೂರಿನ ಅಜ್ಜಿಯ ಮನೆಯಿಂದ ಬರುವ ಒಂದು ಫೋನ್ ಕರೆಯನ್ನು ನಿನಗಿಂತ ಚೆನ್ನಾಗಿ ಬರೆಯುವವರು ಅಲ್ಲಿ ಯಾರಿದ್ದಾರೆ!

ಸೋಮವಾರ ರಜೆ ಹಾಕಿ ನಿನ್ನ ಕೌಂಟಿಯ ಕೋರ್ಟಿಗೆ ಹೋಗು. ಯಾವುದಾದರೂ ಕ್ರಿಮಿನಲ್ ವಿಚಾರಣೆ ನಡೆಯುತ್ತಿದ್ದರೆ ಹಿಂದಿನ ಸಾಲಿನಲ್ಲಿ ಕೂತುಕೋ. ಸರ್ಕಾರಿ ವಕೀಲರ ಮೇಜಿನ ಬಳಿ ಮಾತಾಡದೆ ಚೀಟಿ ದಾಟಿಸುವವರು ಕಂಡರೆ ಅವರನ್ನೇ ನೋಡುತ್ತಿರು. ಸಾಕ್ಷಿ ಮಾತು ತಪ್ಪಿದಾಗ ಅವರ ಮುಖ ಹೇಗಾಯಿತು ಅಂತ ಅವತ್ತೇ ರಾತ್ರಿ ನನಗೆ ಬರೆದು ಕಳಿಸು. ಏಳನೇ ಅಧ್ಯಾಯ ಆಮೇಲೆ.

ನಿನ್ನ ಅಕ್ಕ