ಯಾವ ಗಾಡಿ ಅಂತ ಕೇಳಿದ ಎಲ್ಲರಿಗೂ

ಮೊನ್ನೆ ಕೋಲು ಬಿಟ್ಟು ಓಣಿಯ ಕೊನೆ ತನಕ ನಡೆದೆ. ವಾಪಸ್ ಬರಲು ಪಕ್ಕದ ಮನೆ ಹುಡುಗನ ಹೆಗಲು ಬೇಕಾಯಿತು, ಅದು ಬೇರೆ ಮಾತು. ಎರಡೂವರೆ ತಿಂಗಳಿಂದ ಬಾಕಿ ಇರುವ ಥ್ಯಾಂಕ್ಸ್ ಈಗ ಹೇಳಿಬಿಡುತ್ತೇನೆ.

ಗೊತ್ತಿಲ್ಲದವರಿಗೆ: ನಾನು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆ, ಜತ್ತ ತಾಲೂಕಿನ ಪೂರ್ವ ಭಾಗದವನು. 19 ವರ್ಷದಿಂದ ಬಿಡಿ ವರದಿಗಾರ. ಮಹಾರಾಷ್ಟ್ರದ ಸುದ್ದಿ, ಕನ್ನಡ ಪತ್ರಿಕೆ, ಅಚ್ಚಾದಷ್ಟಕ್ಕೆ ದುಡ್ಡು. ಗುಡ್ಡಾಪುರ ದಾನಮ್ಮನ ಜಾತ್ರೆ, ನೀರಿನ ಟ್ಯಾಂಕರ್, ಮಾಸ್ತರಿಲ್ಲದ ಕನ್ನಡ ಶಾಲೆ, ಕರ್ನಾಟಕದಿಂದ ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು ನಮಗೂ ಬರುತ್ತದಂತೆ ಅನ್ನುವ ಸುದ್ದಿ. ಈ ಕೊನೆಯದನ್ನು ಎಷ್ಟು ಸಲ ಬರೆದಿದ್ದೇನೋ ಆ ದಾನಮ್ಮನಿಗೇ ಗೊತ್ತು.

ಆ ರಾತ್ರಿ ಗುಡ್ಡಾಪುರದಿಂದ ಬರುವಾಗ ರಸ್ತೆ ಮೇಲೆ ಸುರಿದಿದ್ದ ಖಡಿ ರಾಶಿಗೆ ಬೈಕ್ ಹತ್ತಿಸಿದೆ. ಅಲ್ಲಿ ದೀಪ ಇರಲಿಲ್ಲ, ಕೆಂಪು ಬಟ್ಟೆಯೂ ಇರಲಿಲ್ಲ. ತೊಡೆ ಎಲುಬು ಮುರಿಯಿತು. ನಡೆದದ್ದು ಇಷ್ಟೇ. ಆದರೆ ಹಿಂದಿನ ವಾರವಷ್ಟೇ ಹಳ್ಳದ ಉಸುಕು ರಾತ್ರೋರಾತ್ರಿ ಎಲ್ಲಿಗೆ ಹೋಗುತ್ತಿದೆ ಅಂತ ಬರೆದಿದ್ದೆ, ನಂಬರ್ ಪ್ಲೇಟ್ ಇಲ್ಲದ ಟ್ರ್ಯಾಕ್ಟರುಗಳ ಫೋಟೋ ಸಮೇತ. ಹಾಗಾಗಿ ಮಿರಜದ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗಿನಿಂದ ಎಲ್ಲರದೂ ಒಂದೇ ಪ್ರಶ್ನೆ: "ಯಾವ ಗಾಡಿರೀ?"

ಯಾಕೆ ಕೇಳಿದರು ಅಂತ ನನಗೆ ಗೊತ್ತು. 2023ರ ಫೆಬ್ರವರಿ 6, ರತ್ನಾಗಿರಿ ಜಿಲ್ಲೆಯ ರಾಜಾಪುರ. ಶಶಿಕಾಂತ ವಾರಿಶೆ ಅಲ್ಲಿ 'ಮಹಾನಗರಿ ಟೈಮ್ಸ್' ಎಂಬ ಮರಾಠಿ ಪತ್ರಿಕೆಗೆ ಬರೆಯುತ್ತಿದ್ದರು. ಬಾರಸು ಹತ್ತಿರ ತೈಲ ಶುದ್ಧೀಕರಣ ಘಟಕ ಬೇಡ ಅಂತ ಊರವರು ಕೂತಿದ್ದರಲ್ಲ, ಅವರ ಸುದ್ದಿಯನ್ನು ಬಿಡದೆ ಹಾಕಿದವರು. ಯೋಜನೆಯ ಪರ ಓಡಾಡುತ್ತಿದ್ದ ಜಮೀನು ವ್ಯವಹಾರದವನೊಬ್ಬ ದೊಡ್ಡ ನಾಯಕರ ಜತೆ ಬ್ಯಾನರಿನಲ್ಲಿ ಕಾಣಿಸಿಕೊಂಡಿದ್ದ. ವಾರಿಶೆ ಬರೆದ ಆ ಸುದ್ದಿ ಅಚ್ಚಾದದ್ದು ಅವತ್ತೇ ಬೆಳಿಗ್ಗೆ. ಮಧ್ಯಾಹ್ನ ಪೆಟ್ರೋಲ್ ಪಂಪ್ ಹತ್ತಿರ ಒಂದು ಥಾರ್ ಜೀಪು ಅವರಿಗೆ ಗುದ್ದಿ ಎಳೆದುಕೊಂಡು ಹೋಯಿತು. ಮರುದಿನ ಕೊಲ್ಹಾಪುರದ ಆಸ್ಪತ್ರೆಯಲ್ಲಿ ತೀರಿಕೊಂಡರು. ಗಾಡಿ ಓಡಿಸಿದ್ದು ಅದೇ ಮನುಷ್ಯ ಅನ್ನುವುದು ಪೊಲೀಸರ ಆರೋಪ. ಮೊದಲು ಹಾಕಿದ್ದು ಕೊಲೆಯ ಕಲಮು ಅಲ್ಲ. ಪತ್ರಕರ್ತರು ಗದ್ದಲ ಎಬ್ಬಿಸಿದ ಮೇಲೆ 302 ಸೇರಿತು, ಎಸ್‌ಐಟಿ ಬಂತು. ಪತ್ರಕರ್ತರ ಮೇಲೆ ಕೈ ಮಾಡಿದರೆ 3 ವರ್ಷದ ತನಕ ಜೈಲು, 50,000 ರೂಪಾಯಿ ತನಕ ದಂಡ ಅಂತ ಇದೇ ರಾಜ್ಯ 2017ರಲ್ಲೇ ಕಾನೂನು ಮಾಡಿತ್ತು ನೋಡಿ. ಆದರೂ ಬೀದಿಗೆ ಇಳಿದೇ ಕೇಳಬೇಕಾಯಿತು.

ಅವತ್ತು ಆ ಸುದ್ದಿಯನ್ನು ಕನ್ನಡದಲ್ಲಿ ಬರೆದು ಕಳಿಸಿದ್ದೆ. ಒಳಪುಟದಲ್ಲಿ ಆರು ಸಾಲು ಬಂತು. ನಾನೂ ಮತ್ತೆ ಕೇಳಲಿಲ್ಲ.

ನನ್ನನ್ನು ಮೊದಲು ಕಂಡವನು ಹಾಲಿನ ಗಾಡಿಯ ತಮ್ಮ. ಕ್ಯಾನುಗಳ ನಡುವೆ ತಾಡಪತ್ರಿ ಹಾಸಿ ಮಲಗಿಸಿದ. ಆ ದಿನ ಅವನ ಹಾಲು ಡೇರಿಗೆ ತಡವಾಗಿ ಹೋಗಿ ಕೆಟ್ಟಿತಂತೆ. ದುಡ್ಡು ಕೊಡಲು ಹೋದರೆ ಬೈದ. ನಮ್ಮ ಕನ್ನಡ ಶಾಲೆ ಮಾಸ್ತರರು ಸಂಜೆ ಹಾಸಿಗೆ ಪಕ್ಕ ಕೂತು ನಾನು ಹೇಳಿದ್ದನ್ನೆಲ್ಲ ಟೈಪ್ ಮಾಡಿ ಕಳಿಸಿದರು. ಕಾಗುಣಿತ ತಪ್ಪಿದರೆ ನನಗೇ ಪಾಠ ಮಾಡಿದರು.

ಮರಾಠಿ ಪತ್ರಿಕೆಯ ಗೆಳೆಯ ಬಂದದ್ದು ಎರಡನೇ ದಿನ. ತಡವಾಯಿತಲ್ಲೋ ಅಂದೆ. ಅವನು ಸುಮ್ನೆ ಫೋನ್ ತೆಗೆದು ಒಂದೊಂದೇ ಫೋಟೋ ತೋರಿಸಿದ. ಖಡಿ ರಾಶಿ, ಉದ್ದಕ್ಕೆ ಜಾರಿದ ಒಂದೇ ಟೈರಿನ ಗುರುತು, ಒಡೆದ ಕನ್ನಡಿ, ಮುಳ್ಳುಕಂಟಿಯಲ್ಲಿ ಬಿದ್ದಿದ್ದ ನನ್ನ ಎಡಗಾಲಿನ ಚಪ್ಪಲಿ. "ಮೊದಲು ರಸ್ತೆ ನೋಡಿದೆ, ಆಮೇಲೆ ನಿನ್ನ ಕಡೆ ಬಂದೆ" ಅಂದ. ಇಷ್ಟೆಲ್ಲ ನೋಡಿಯೂ ಮೂರು ಸಲ ಕೇಳಿದ, "ಕುಠಲೀ ಗಾಡಿ?" ಯಾವುದೂ ಇಲ್ಲ ಅಂತ ನಾನು ಆಣೆ ಮಾಡಿದ ಮೇಲೆ ಸ್ಟೂಲ್ ಎಳೆದು ಕೂತ. ಆ ಚಪ್ಪಲಿಯನ್ನೂ ತಂದಿದ್ದ.

ನೀವೆಲ್ಲ ಊರೂರಲ್ಲಿ ಎಷ್ಟು ಕೇಳಿದ್ದೀರಿ ಅಂದ್ರೆ, ಕೊನೆಗೆ ಟ್ರ್ಯಾಕ್ಟರಿನವರೇ ಫೋನ್ ಮಾಡಿದರು. "ನಾವಲ್ಲರೀ ಅಣ್ಣಾರ, ದಾನಮ್ಮನ ಆಣೆ." ಅವರಿಗೂ ಥ್ಯಾಂಕ್ಸ್. ಉಸುಕಿನ ಸುದ್ದಿ ಮಾತ್ರ ಮುಂದುವರಿಯುತ್ತದೆ.

ಕೇಳದೆ ಇದ್ದವಳು ನನ್ನ ಹೆಂಡತಿ ಒಬ್ಬಳೇ. ಒಂದು ರಾತ್ರಿ ಎಚ್ಚರಾದಾಗ ಅವಳು ಫೋನಿನಲ್ಲಿ ವಾರಿಶೆ ಅವರ ಸುದ್ದಿ ಓದುತ್ತಿದ್ದಳು. ಮನೆಯಲ್ಲಿ ತಾಯಿ ಮತ್ತು ಮಗ ಇದ್ದಾರೆ ಅನ್ನುವ ಸಾಲಿನ ಮೇಲೆ ಬೆರಳು ನಿಂತಿತ್ತು. ನಾನು ಎದ್ದದ್ದು ಗೊತ್ತಾಗಿ ಫೋನ್ ಮಗುಚಿಟ್ಟು, ನೀರು ಬೇಕೇನು ಅಂದಳು. ಅವಳಿಗೆ ಇಲ್ಲಿ ಏನು ಬರೆಯಲಿ? ಮನೆಯಲ್ಲೇ ಹೇಳುತ್ತೇನೆ.

ಖಡಿ ರಾಶಿ ಇನ್ನೂ ಅಲ್ಲೇ ಇದೆ. ಮಾಸ್ತರರು ಟೈಪ್ ಮಾಡಿದ ಮೊದಲ ಸುದ್ದಿಯೇ ಅದರದು, ಫೋಟೋ ಸಮೇತ ಬಂದಿತ್ತು. ಈಗ ಯಾರೋ ಅದರ ನೆತ್ತಿಗೆ ಒಂದು ಕೋಲು ನೆಟ್ಟು ಹಳೇ ಕೆಂಪು ಸೀರೆಯ ತುಂಡು ಕಟ್ಟಿದ್ದಾರೆ. ಯಾರು ಅಂತ ವಿಚಾರಿಸಿದೆ, ಗೊತ್ತಾಗಲಿಲ್ಲ. ಅವರಿಗೂ.