ಇವತ್ತು ಜಡೆ ನಾನೇ ಹಾಕಿಕೊಂಡೆ

ಗೌರಿಹಬ್ಬದ ಬೆಳಿಗ್ಗೆ ಕನ್ನಡಿ ಮುಂದೆ ನಿಂತು ನನ್ನ ಜಡೆ ನಾನೇ ಹೆಣೆದುಕೊಂಡೆ. ಸೊಟ್ಟಗಿದೆ, ಎಳೆ ಅಲ್ಲಲ್ಲಿ ಜಾರಿದೆ. ಆದರೂ ಆರು ತಿಂಗಳ ಮೇಲೆ ನನ್ನದೇ ಕೈಯ ಜಡೆ. ಸಂಕದ ಮೇಲೆ ಕಾಲು ಜಾರಿ ಭುಜಕ್ಕೆ ಪೆಟ್ಟಾದದ್ದು, ಉಳುಕೆಂದು ಎಣ್ಣೆ ತಿಕ್ಕಿಕೊಂಡು ಕೂತದ್ದು, ಮಾರ್ಚಿನಲ್ಲಿ ಆಪರೇಷನ್ ಆದದ್ದು ನಿಮಗೆಲ್ಲ ಗೊತ್ತಿರುವ ಕತೆ, ಬಿಡಿ.

ಒಂದು ಜಡೆಗೆ ಒಳಗೆ ಎಷ್ಟು ಆಳು ಬೇಕು ಅನ್ನುವುದು ಮಾತ್ರ ಶಿವಮೊಗ್ಗದ ಫಿಸಿಯೋಥೆರಪಿ ಹುಡುಗಿ ಹೇಳುವ ತನಕ ಗೊತ್ತಿರಲಿಲ್ಲ. ತೋಳಿನ ಎಲುಬಿನ ಗುಂಡು ತಲೆ ಕೂರುವ ಗುಳಿ ತೀರಾ ಆಳವಿಲ್ಲದ್ದಂತೆ, ಸಾಸರಿನ ಮೇಲೆ ನಿಂಬೆಹಣ್ಣು ಇಟ್ಟ ಹಾಗೆ. ಅದು ಉರುಳದಂತೆ ಹೆಗಲ ಹಿಂದಿನ ಚಪ್ಪಟೆ ಎಲುಬಿನಿಂದ ಹೊರಟ ನಾಲ್ಕು ಸ್ನಾಯುಗಳು ಸುತ್ತ ಹಿಡಿದಿರುತ್ತವೆ. ಅದೇ ರೊಟೇಟರ್ ಕಫ್. ಕೈ ಪಕ್ಕಕ್ಕೆ ಏಳಲು ಶುರುಮಾಡಿಕೊಡುವುದು ಸುಪ್ರಾಸ್ಪೈನೇಟಸ್. ಹರಿದದ್ದು ಅದರ ತುದಿಯೇ. ತೋಳನ್ನು ಹೊರಕ್ಕೆ ತಿರುಗಿಸುವ ಇನ್‌ಫ್ರಾಸ್ಪೈನೇಟಸ್, ಟೆರೀಸ್ ಮೈನರ್ ಸರಿಯಿಲ್ಲದಿದ್ದರೆ ಬಾಚಣಿಗೆ ತಲೆಯ ಹಿಂದಕ್ಕೆ ಹೋಗದು. ಬೆನ್ನ ಹಿಂದೆ ಕೈ ಕೊಂಡೊಯ್ಯಲು ಒಳಕ್ಕೆ ತಿರುಗಿಸುವ ಸಬ್‌ಸ್ಕ್ಯಾಪ್ಯುಲಾರಿಸ್ ಬೇಕು. ಮೇಲಿನ ದಪ್ಪ ಸ್ನಾಯು ಡೆಲ್ಟಾಯ್ಡ್ ತೋಳನ್ನು ಎತ್ತುವಾಗ ಈ ನಾಲ್ಕೂ ಗುಂಡನ್ನು ಗುಳಿಗೆ ಒತ್ತಿ ಹಿಡಿಯದಿದ್ದರೆ ಅದು ಮೇಲಕ್ಕೆ ಸರಿದು ಎಲುಬಿಗೆ ತಾಗುತ್ತದೆ. ಐವತ್ತು ವರ್ಷ ದುಡಿಸಿಕೊಂಡೆ, ಹೆಸರು ಕೂಡ ಕೇಳಿರಲಿಲ್ಲ!

ಡಾಕ್ಟರಿಗೆ, ಆ ಹುಡುಗಿಗೆ, ಹಾಲು ಕರೆಯಲು ಕಲಿತ ನಮ್ಮನೆಯವರಿಗೆ, ಸಾರು ಕಳಿಸಿದ ಕೇರಿಯವರಿಗೆ, ತೀರ್ಥಹಳ್ಳಿ ಬಸ್ಸಿನಲ್ಲಿ ಎಡಗಡೆ ಕಿಟಕಿ ಸೀಟು ಬಿಟ್ಟುಕೊಟ್ಟವರಿಗೆಲ್ಲ ನಮಸ್ಕಾರ.

ಇನ್ನು ಅಕ್ಕ, ನನ್ನ ಓರಗಿತ್ತಿ. ಹಿಸ್ಸೆಯಾದ ಮೇಲೆ ಎರಡು ವರ್ಷ ನಾವು ಮಾತಾಡಿರಲಿಲ್ಲ. ತಪ್ಪು ಯಾರದ್ದು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಅರ್ಧ ನನ್ನದೇ. ಆಪರೇಷನ್ ದಿನ ದನ ನೋಡಿಕೊಳ್ಳಲು ನಮ್ಮನೆಯವರು ಊರಿಗೆ ಮರಳಿದರು. ಸಂಜೆ ಆಸ್ಪತ್ರೆಯ ಬಾಗಿಲಲ್ಲಿ ಚೀಲ ಹಿಡಿದು ಅಕ್ಕ ನಿಂತಿದ್ದರು.

ಮರಗಟ್ಟಿಸಿದ್ದ ಮದ್ದು ರಾತ್ರಿ ಎರಡರ ಹೊತ್ತಿಗೆ ಇಳಿಯಿತು. ಮಲಗಲಾಗದು, ಕೂರಲಾಗದು. ಮೊಣಕೈ ಒಂದು ಬೆರಳು ಹಿಂದಕ್ಕೆ ಬಿದ್ದರೂ ಜೀವ ಹೋಗುತ್ತಿತ್ತು. ಅಕ್ಕ ತಮ್ಮ ಹಳೆ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಮೊಣಕೈ ಕೆಳಗಿಟ್ಟು, ಅದರಡಿ ತಮ್ಮ ಅಂಗೈ ಇಟ್ಟರು. ಬೆಳಗಿನ ತನಕ ತೆಗೆಯಲಿಲ್ಲ. ಹಿಸ್ಸೆ ಮಾತು ಬರಲಿಲ್ಲ. ಈ ಸಲದ ಅಪ್ಪೆಮಿಡಿಗೆ ಸೊನೆ ಸಾಲದು, ಉಪ್ಪು ಎಷ್ಟು ಹಾಕಬೇಕೋ ಎಂದು ಹೇಳುತ್ತಲೇ ಇದ್ದರು. ನಾನು ಅಳುತ್ತಿದ್ದೆ. ಭುಜಕ್ಕೆ ಅಂತ ಅವರು ತಿಳಿದರು. ಭುಜಕ್ಕೆ ಮಾತ್ರ ಆಗಿರಲಿಲ್ಲ ಅಕ್ಕ, ಇವತ್ತು ಹೇಳುತ್ತಿದ್ದೇನೆ.

ಆಮೇಲೆ ಆರು ವಾರ ಪಟ್ಟಿಯಲ್ಲಿ ಕೈ. ಬೆಳಿಗ್ಗೆ ಗದ್ದೆಯಂಚು ದಾಟಿ ಬಂದು ತಲೆ ಬಾಚಿದ್ದು ಅವರೇ. ಪಟ್ಟಿ ಬಿಚ್ಚಿದ ಮೇಲೂ ಬರುವುದು ನಿಲ್ಲಲಿಲ್ಲ.

ಇವತ್ತೂ ಬಂದರು. ಜಡೆ ನೋಡಿ, "ಇದೆಂಥದು, ಸೊಟ್ಟ" ಎಂದು ಬಿಚ್ಚಲು ಕೈ ಹಾಕಿದರು. ನಾನು ಬಿಡಲಿಲ್ಲ. ಹೂವು ಮಾತ್ರ ಅವರ ಕೈಯಲ್ಲೇ ಮುಡಿಸಿಕೊಂಡೆ.