ಧಾರಣೆ ಪಟ್ಟಿಯ ಪಕ್ಕ ಸಹಾಯವಾಣಿ ಸಂಖ್ಯೆಯನ್ನೂ ಮುದ್ರಿಸಿ

ಮಾನ್ಯ ಸಂಪಾದಕರೇ,

ನಾನು ಸಕಲೇಶಪುರದಲ್ಲಿ ಔಷಧಿ ಅಂಗಡಿ ನಡೆಸುತ್ತೇನೆ. ಬೇರೆ ಗಿರಾಕಿಗಳು ಹೋದ ಮೇಲೆ ಕೆಲವರು ದನಿ ತಗ್ಗಿಸಿ ಕೇಳುತ್ತಾರೆ: ‘ಹಾಸನಕ್ಕೆ ಹೋಗಿ ಮನಶ್ಶಾಸ್ತ್ರಜ್ಞರನ್ನು ಕಂಡರೆ ಊರಿಗೆಲ್ಲ ಗೊತ್ತಾಗುತ್ತದೆಯೇ?’ ಗೊತ್ತಾಗಬಾರದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೋಪ್ಯತೆಯನ್ನು ಹಕ್ಕಾಗಿಸಿದೆ. ಜೀವಕ್ಕೆ ಅಪಾಯವಿರುವಂಥ ಕೆಲವು ಸಂದರ್ಭಗಳಷ್ಟೇ ಅದಕ್ಕೆ ಹೊರತು. (ಬಸ್ ನಿಲ್ದಾಣದಲ್ಲಿ ಎದುರಾಗುವ ನೆಂಟರಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ, ಅದು ಬೇರೆ ಮಾತು.)

ಮಾತ್ರೆ ಕೊಟ್ಟು ಮಂಕು ಹಿಡಿಸುತ್ತಾರೆಂಬ ಭಯ ಇನ್ನೊಂದು. ಮಾತ್ರೆ ಬರೆಯುವವರು ಮನೋವೈದ್ಯರು. ಮನಶ್ಶಾಸ್ತ್ರಜ್ಞರದು ಮಾತಿನ ಚಿಕಿತ್ಸೆ. ಸಾಮಾನ್ಯವಾಗಿ ವಾರಕ್ಕೊಮ್ಮೆ ಮುಕ್ಕಾಲು ಗಂಟೆಯಷ್ಟು. ಮೊದಲ ದಿನವೇ ಎಲ್ಲವನ್ನೂ ಹೇಳಿ ಮುಗಿಸಬೇಕಿಲ್ಲ. ಶುಲ್ಕ ಎಷ್ಟು, ಏನು ಓದಿದ್ದೀರಿ, ಎಷ್ಟು ಸಲ ಬರಬೇಕಾದೀತು ಎಂದು ಮೊದಲೇ ಕೇಳಬಹುದು. ಕಾಫಿ ಚೀಲಕ್ಕೆ ಗಂಟೆಗಟ್ಟಲೆ ಚೌಕಾಸಿ ಮಾಡುವ ನಮ್ಮವರು ಇಲ್ಲಿ ಮಾತ್ರ ಬಾಯಿ ಬಿಡುವುದಿಲ್ಲ!

ಹಾಸನದವರೆಗೆ ಹೋಗಲಾಗದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ‘ಟೆಲಿ ಮಾನಸ್’ 14416ಕ್ಕೆ ಕರೆ ಮಾಡಬಹುದು; ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ತಮ್ಮ ಪತ್ರಿಕೆಯಲ್ಲಿ ಕಾಫಿ, ಕಾಳುಮೆಣಸಿನ ಧಾರಣೆಯನ್ನು ಎಲ್ಲರೂ ಓದುತ್ತಾರೆ. ಅದರ ಪಕ್ಕದಲ್ಲಿ ದಿನವೂ ಈ ಸಂಖ್ಯೆಯನ್ನು ಮುದ್ರಿಸಬೇಕೆಂದು ವಿನಂತಿ.

– ಔಷಧಿ ವ್ಯಾಪಾರಿ, ಸಕಲೇಶಪುರ, ಹಾಸನ ಜಿಲ್ಲೆ